ಒಳಪೆಟ್ಟು

ತಿಮ್ಮರಾಜು ತನ್ನ ಕಿಡ್ನಿ ಕೊಡುವುದಿಲ್ಲ ಎಂದ ಮಧ್ಯಾಹ್ನ ಅವನ ಅತ್ತಿಗೆ ಪ್ರಮೀಳಾ ಮುದ್ದೆ ತೊಳಸುತ್ತಿದ್ದಳು. ಕೈಯಲ್ಲಿದ್ದ ಕೋಲನ್ನು ಹಿಟ್ಟು ಮೆತ್ತಿದಂತೆಯೇ ಎತ್ತಿ ಅವನ ತಲೆಗೆ ಬಿಟ್ಟಳು. ಊಟಕ್ಕೆ ಕೂತಿದ್ದವನ ಹುಬ್ಬಿನ ಮೇಲೆ ಚರ್ಮ ಒಡೆದು ರಕ್ತ ತಟ್ಟೆಗೆ ತೊಟ್ಟಿಕ್ಕಿತು. ಎರಡನೆಯ ಏಟಿಗೆ ಎತ್ತಿದ ಕೈಯನ್ನು ಅವನು ಮಣಿಕಟ್ಟಿನಲ್ಲಿ ಹಿಡಿದುಕೊಂಡ. ಗರಡಿಯಲ್ಲಿ ಸಾಮು ಮಾಡಿದ ಕೈ ಅದು. ತಿರುಚಿದ್ದರೆ ಮೂಳೆ ಮುರಿಯುತ್ತಿತ್ತು, ಆದರೆ ಅವನು ತಿರುಚಲಿಲ್ಲ.

“ಕೋಲು ಬುಡು ಅತ್ಗಮ್ಮ. ಅಣ್ಣಂಗೆ ಏನ್ ಬೇಕಾದ್ರೂ ಮಾಡ್ತೀನಿ. ಜಮೀನು ಮಾರು ಅನ್ನು, ಮಾರ್ತೀನಿ. ಮೈ ಕುಯ್ಸ್ಕೊಳಾಕೆ ಮಾತ್ರ ನನ್ನ ಕೈಲಾಗಾಕಿಲ್ಲ.”

“ಅವ್ರಿಗೆ ಬೇಕಿರಾದು ಜಮೀನೇನ್ಲಾ? ಗರಡಿ ಮಣ್ಣಲ್ಲಿ ಒರಳಾಡಿ ಬೆಳೆಸ್ದೆಯಲ್ಲ ಈ ಮೈಯ, ಯಾರಿಗೆ ಅಂತ ಬೆಳೆಸ್ದೆ?”

“ನಂಗೆ,” ಅಂದ ತಿಮ್ಮರಾಜು.

ಆ ಒಂದು ಮಾತು ಅವಳ ಹೊಟ್ಟೆಗೆ ಬೆಂಕಿ ಇಟ್ಟಿತು. ನಿಜ ಹೇಳಬೇಕೆಂದರೆ ಅದರಲ್ಲಿ ತಪ್ಪೇನೂ ಇರಲಿಲ್ಲ. ತನ್ನ ಮೈ ತನ್ನದು ಎನ್ನುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಒಳಕೋಣೆಯಲ್ಲಿ ಗಂಡ ಊದಿದ ಕಾಲನ್ನು ದಿಂಬಿನ ಮೇಲಿಟ್ಟು ಮಲಗಿರುವಾಗ ಹೆಂಡತಿಯ ಕಿವಿಗೆ ಅಂಥ ನ್ಯಾಯ ಇಳಿಯುವುದಿಲ್ಲ.

ಪ್ರಮೀಳಾಗೆ ಕೋಪ ಬಂದರೆ ಅರಕೆರೆಯ ಬೀದಿನಾಯಿಗಳೂ ದಾರಿ ಬಿಡುತ್ತವೆ ಎಂದು ಜನ ಆಡಿಕೊಳ್ಳುತ್ತಿದ್ದರು. ಅದು ಶುದ್ಧ ಸುಳ್ಳು. ಅರಕೆರೆಯ ನಾಯಿಗಳು ಶ್ರೀರಂಗಪಟ್ಟಣದ ಬಸ್ಸಿಗೇ ದಾರಿ ಬಿಡುವುದಿಲ್ಲ. ಮನುಷ್ಯರು ಬಿಡುತ್ತಿದ್ದರು. ಬಿಡದೆ ಇದ್ದವನು ಅವಳ ಗಂಡ ನಿಂಗರಾಜು ಒಬ್ಬನೇ. ಹಾಲಿನ ಡೇರಿಯ ಕಾರ್ಯದರ್ಶಿ, ಸಾಧು ಮನುಷ್ಯ. ಅವಳು ಅಡುಗೆಮನೆಯಲ್ಲಿ ನಿಂತು ಕೂಗಾಡಿದರೆ ರೇಡಿಯೊ ದನಿ ತಗ್ಗಿಸಿ, “ಇನ್ನೊಂದ್ಸಲ ಯೋಳು, ಸರಿಯಾಗಿ ಕೇಳಿಸ್ನಿಲ್ಲ” ಅನ್ನುವನು. ಅವಳಿಗೆ ನಗು ಬಂದುಬಿಡುತ್ತಿತ್ತು. ಸಂತೆಬಾಚಹಳ್ಳಿಯಿಂದ ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಅವಳನ್ನು ನಗಿಸಿದವನು ಅವನೇ. ಮಕ್ಕಳಾಗಲಿಲ್ಲ ಎಂದು ಊರು ಏನೇನೋ ಅಂದಾಗಲೂ ಅವನು ಒಂದು ಮಾತು ಆಡಿದವನಲ್ಲ. ಅಂಥವನಿಗೆ ಮೂವತ್ತು ದಾಟುತ್ತಿದ್ದಂತೆ ಬಿಪಿ ಏರಿ ಎರಡು ಕಿಡ್ನಿಯೂ ಕೆಟ್ಟವು. ಈಗ ವಾರಕ್ಕೆರಡು ಸಲ ಮೈಸೂರಿನ ಆಸ್ಪತ್ರೆಗೆ ಹೋಗಿ ಮೆಷೀನಿನಲ್ಲಿ ರಕ್ತ ತೊಳೆಸಿಕೊಂಡು ಬರುತ್ತಿದ್ದ.

ಬದುಕಬೇಕಾದರೆ ಬೇರೆಯವರ ಕಿಡ್ನಿ ಹಾಕಿಸಬೇಕು ಎಂದಾಗ ಪ್ರಮೀಳಾ ತಾನೇ ಮೊದಲು ತೋಳು ಚಾಚಿದಳು. ಅವಳ ರಕ್ತದ ಗುಂಪು ಹೊಂದಲಿಲ್ಲ. ಹೊಂದಿದ್ದು ಇಬ್ಬರದು: ಅರವತ್ತನಾಲ್ಕರ ಅತ್ತೆ ಅಣ್ಣಮ್ಮನದು, ಇಪ್ಪತ್ತೈದರ ಮೈದುನ ತಿಮ್ಮರಾಜುದು.

ಆಗ ಡಾಕ್ಟರು ಅನಂತರಾಮು ಅವಳನ್ನು ಕೂರಿಸಿಕೊಂಡು ಬಿಡಿಸಿ ಹೇಳಿದ್ದರು.

“ನೋಡಮ್ಮ, ಒಂದು ಮೈಯಿಂದ ತೆಗೆದು ಇನ್ನೊಂದಕ್ಕೆ ಹೊಲಿಯೋವರೆಗೆ ಕಿಡ್ನಿಗೆ ರಕ್ತ ಇರಲ್ಲ. ಆಮೇಲೆ ರಕ್ತ ಒಮ್ಮೆಗೇ ನುಗ್ಗುತ್ತೆ. ಇದೆರಡರಿಂದಲೂ ಅದಕ್ಕೆ ಪೆಟ್ಟಾಗುತ್ತೆ. ಎಳೇ ಕಿಡ್ನಿ ಆ ಪೆಟ್ಟು ತಡ್ಕೊಂಡು ಎದ್ದು ಕೆಲಸ ಶುರುಮಾಡುತ್ತೆ. ಅರವತ್ತು ದಾಟಿದ್ದು ಏಳೋದು ನಿಧಾನ. ಕೆಲವು ಏಳೋದೇ ಇಲ್ಲ. ಎದ್ದರೂ ಅಷ್ಟು ವರ್ಷ ಬಾಳಿಕೆ ಬರಲ್ಲ. ಹಾಗಂತ ನಿಮ್ಮತ್ತೇದು ಬೇಡ ಅನ್ನಬೇಡಿ. ಅವರದು ದುಡಿದ ಗಟ್ಟಿ ಮೈ. ನಿಮ್ಮ ಯಜಮಾನರಿಗೆ ತ್ರಾಣ ಇರುವಾಗಲೇ ಹಾಕಿದರೆ ಅದೂ ಸಾಕಾಗುತ್ತೆ.”

ಮಾತಿನ ಮೊದಲರ್ಧ ಕೇಳಿದ ಮೇಲೆ ಪ್ರಮೀಳಾ ಉಳಿದರ್ಧವನ್ನು ಕೇಳಲಿಲ್ಲ. ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅಣ್ಣಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, “ನಂದು ತಕ್ಕೊಳಿ ಸ್ವಾಮಿ, ಈಗ್ಲೇ ತಕ್ಕೊಳಿ” ಎಂದು ಬಂದವರಿಗೆಲ್ಲ ಕೈ ಮುಗಿಯುತ್ತಿದ್ದಳು. ಕಸ ಗುಡಿಸುವವನಿಗೂ ಮುಗಿದಳು. ಮನೆಗೆ ಬಂದ ಮೇಲೆ ಪ್ರಮೀಳಾ ಅವಳ ಮುಖಕ್ಕೇ ಹೇಳಿಬಿಟ್ಟಳು: “ಈ ಮುದ್ಕಿ ಕಿಡ್ನಿ ಆಕುಸ್ಕಂಡು ನನ್ ಗಂಡ ಎಷ್ಟು ದಿನ ಬಾಳಾನು? ಸವೆದೋಗಿರಾದ್ನ ಕೊಡಾಕೆ ನಿಂಗೆ ನಾಚ್ಕೆ ಆಗಾಕಿಲ್ವಾ ಅತ್ತೆ? ಇನ್ನೊಬ್ಬ ಮಗ ಗೂಳಿಯಂಗೆ ನಿಂತವ್ನೆ, ಅವನಿಗೆ ಯೋಳು.” ಅಣ್ಣಮ್ಮ ಎದ್ದು ಹೋಗಿ ಹಸುವಿಗೆ ಹುಲ್ಲು ಹಾಕಿದಳು.

ತಿಮ್ಮರಾಜುಗೆ ನಾಗಮಂಗಲದ ರಮ್ಯ ಎನ್ನುವ ಹುಡುಗಿಯ ಜೊತೆ ಮದುವೆ ಗೊತ್ತಾಗಿತ್ತು. ಒಂದು ಕಿಡ್ನಿಯವನಿಗೆ ಹೆಣ್ಣು ಕೊಡುವುದಿಲ್ಲ ಎಂದು ಅವಳ ಅಪ್ಪ ಆಗಲೇ ಹೇಳಿ ಕಳಿಸಿದ್ದ. ಅದೊಂದು ಕಾರಣ. ಇನ್ನೊಂದನ್ನು ತಿಮ್ಮರಾಜು ಯಾರಿಗೂ ಹೇಳಿರಲಿಲ್ಲ: ಅಖಾಡದಲ್ಲಿ ಯಾರಿಗೂ ಹೆದರದ ಆ ಆಳಿಗೆ ಕತ್ತಿ ಅಂದರೆ ಜೀವ ಹೋಗುವಷ್ಟು ಭಯ.

ಮುದ್ದೆ ಕೋಲಿನ ಏಟಾದ ಎರಡು ದಿನಕ್ಕೆ ಅವನು ಹುಬ್ಬಿಗೆ ಪಟ್ಟಿ ಕಟ್ಟಿಕೊಂಡೇ ಅಣ್ಣನನ್ನು ಆಸ್ಪತ್ರೆಗೆ ಕರೆದುಕೊಂಡು ಬಂದ. ಡಾಕ್ಟರು ಪಟ್ಟಿ ನೋಡಿದರು, ಪ್ರಮೀಳಾಳನ್ನೂ ನೋಡಿದರು.

“ಕೊಡೋರು ಮನಸ್ಸಾರೆ ಕೊಡಬೇಕಮ್ಮ. ಅವರೊಬ್ಬರನ್ನೇ ಕೂರಿಸಿಕೊಂಡು ಕೇಳ್ತೀವಿ, ಈಗ ಹಾಗೇ ಕಾನೂನು. ಮುಖದ ಮೇಲೆ ಇಂಥದ್ದು ಇನ್ನೊಂದು ಕಂಡರೆ ಅವನ ಕಿಡ್ನಿ ನಾನು ಮುಟ್ಟಲ್ಲ.”

ಬೇರೆ ಯಾರಾದರೂ ಆಗಿದ್ದರೆ ಹೊಡೆಯುವುದನ್ನೇ ಬಿಡುತ್ತಿದ್ದರು. ಪ್ರಮೀಳಾ ಕಲಿತ ಪಾಠವೆಂದರೆ ಮುಖಕ್ಕೆ ಹೊಡೆಯಬಾರದು ಎಂಬುದಷ್ಟೆ. ಅಲ್ಲಿಂದ ಸೀದಾ ಕೆ.ಆರ್.ಪೇಟೆ ಬಸ್ಸು ಹತ್ತಿ ತವರಿಗೆ ಹೋದಳು.

ಅವಳ ತವರಿನಲ್ಲಿ ಒಂದು ರೂಢಿ ಇತ್ತು. ಕೊಟ್ಟ ಮನೆಯಿಂದ ಹೆಣ್ಣುಮಗಳು ಅತ್ತುಕೊಂಡು ಬಂದರೆ ಅಣ್ಣತಮ್ಮಂದಿರು ಮೊದಲು ಮಾತಿಗೆ ಹೋಗುತ್ತಾರೆ. ಮಾತು ಮುರಿದರೆ ಗೋಣಿ ಹೊದಿಸುತ್ತಾರೆ. ಗೋಣಿಚೀಲವನ್ನು ನೀರಲ್ಲಿ ಅದ್ದಿ ಭಾರವಾದ ಮೇಲೆ ಮೈಗೆ ಬಿಗಿಯಾಗಿ ಸುತ್ತಿ, ಅದರ ಮೇಲೆ ಬಡಿಯುವುದು. ಚರ್ಮ ಸುಲಿಯುವುದಿಲ್ಲ, ಬಾಸುಂಡೆ ಏಳುವುದಿಲ್ಲ. ಏಟು ತಿಂದವನು ಮಾರನೆಯ ದಿನ ಪೊಲೀಸರ ಮುಂದೆ ಅಂಗಿ ಬಿಚ್ಚಿ ನಿಂತರೂ ತೋರಿಸಲು ಏನೂ ಇರುವುದಿಲ್ಲ. ಹೆಂಡತಿಯನ್ನು ಬಡಿಯುವ ಎಷ್ಟೋ ಗಂಡಂದಿರು ಹೀಗೆ ದಾರಿಗೆ ಬಂದಿದ್ದರು. ಪ್ರಮೀಳಾಳ ಅಣ್ಣ ಮಂಚಯ್ಯನ ಕೈ ಈ ಕೆಲಸದಲ್ಲಿ ಪಳಗಿತ್ತು.

“ಕಿಡ್ನಿ ಕೊಡಾಕಿಲ್ಲ ಅಂದ್ನಾ?” ಅಂದ ಮಂಚಯ್ಯ. “ಒಡುಟ್ಟಿದ ಅಣ್ಣಂಗೆ? ನೀನು ಸುಮ್ಕೆ ಓಗು ಪ್ರಮಿ. ನಾವ್ ಒಪ್ಪುಸ್ತೀವಿ.”

“ಸುಮ್ಕೆ ಓಗಾಕಿಲ್ಲ, ನಾನೂ ಬತ್ತೀನಿ. ಮುಖದ ಮ್ಯಾಲೆ ಒಂದು ಗೀರೂ ಇರಬಾರ್ದು ಅಣ್ಣ. ಬೆನ್ನು, ಸೊಂಟ ಏನಾರ ಮಾಡ್ಕಳಿ.”

ಬೆನ್ನು, ಸೊಂಟ. ಕಿಡ್ನಿ ಎಲ್ಲಿರುತ್ತದೆ ಎಂದು ಅವಳು ಆಸ್ಪತ್ರೆಯ ಗೋಡೆಯ ಚಿತ್ರದಲ್ಲಿ ನೂರು ಸಲ ನೋಡಿದ್ದಳು. ನೋಡಿಯೂ ಹಾಗೆ ಹೇಳಿದಳು. ಕೋಪದವರ ಕಣ್ಣು ಹಾಗೆಯೇ, ಬೇಕಾದ್ದನ್ನು ಮಾತ್ರ ಕಾಣುತ್ತದೆ.

ತಿಮ್ಮರಾಜು ಪಾಂಡವಪುರದ ಕಾರ್ಖಾನೆಗೆ ಕಬ್ಬು ಹೊಡೆದು ಬರುವಾಗ ಕರಿಘಟ್ಟದ ಬುಡದಲ್ಲಿ ಟ್ರಾಕ್ಟರು ನಿಲ್ಲಿಸಿ ಲೋಕಪಾವನಿಯಲ್ಲಿ ಮೈ ತೊಳೆಯುತ್ತಿದ್ದ. ಅದು ಅವನ ಅಭ್ಯಾಸ, ಪ್ರಮೀಳಾಗೆ ಗೊತ್ತಿತ್ತು. ಬೆಟ್ಟದ ನೆರಳು ಇನ್ನೂ ನೀರಿಗೆ ಬಿದ್ದಿರಲಿಲ್ಲ. ಅವನು ಚಡ್ಡಿಯಲ್ಲಿ, ಮಂಡಿಯುದ್ದ ನೀರಿನಲ್ಲಿ ಬಗ್ಗಿದ್ದಾಗ ಮಂಚಯ್ಯ, ಅವನ ತಮ್ಮ ಸೋಮಯ್ಯ, ಇನ್ನಿಬ್ಬರು ದಾಯಾದಿಗಳು ದಡದಿಂದ ಒಟ್ಟಿಗೆ ಹಾರಿದರು.

ಗೂಳಿ ಎಂದು ಅವಳು ಸುಮ್ಮನೆ ಅಂದಿರಲಿಲ್ಲ. ತಿಮ್ಮರಾಜು ಮೊದಲು ಬಂದವನನ್ನು ಸೊಂಟಕ್ಕೆ ಕೈ ಹಾಕಿ ಎತ್ತಿ ಬಂಡೆಯ ಮೇಲೆ ಒಗೆದ. ಸೋಮಯ್ಯನ ಮೂಗಿಗೆ ಹಣೆ ಕೊಟ್ಟ. ಮೂಗಿನ ಮೂಳೆ ಮುರಿದ ಸದ್ದು ದಡದಲ್ಲಿ ನಿಂತವಳಿಗೂ ಕೇಳಿತು. ಮಂಚಯ್ಯನ ಕತ್ತು ಅವನ ಕಂಕುಳಲ್ಲಿ ಸಿಕ್ಕಿ ಇನ್ನೇನು ಮುರಿಯಬೇಕು, ಆಗ ತಿಮ್ಮರಾಜು ತಲೆ ಎತ್ತಿ ದಡದ ಮೇಲೆ ಸೆರಗು ಬಿಗಿದು ನಿಂತ ಅತ್ತಿಗೆಯನ್ನು ನೋಡಿದ. ನೋಡಿದವನ ಹಿಡಿತ ಸಡಿಲಾಯಿತು.

ಅಷ್ಟೇ ಸಾಕಾಯಿತು ಅವರಿಗೆ. ನೆನೆದ ಗೋಣಿ ಅವನ ತೋಳು ಸೇರಿಸಿ ಸುತ್ತಿಕೊಂಡಿತು. ಮೇಲೆ ಹಗ್ಗ ಬಿತ್ತು. ಮರಳಿನ ಮೇಲೆ ಬೋರಲು ಕೆಡವಿ, ಗುದ್ದಲಿಯ ಕಾವಿನಿಂದ ಒಬ್ಬ, ಬರಿಗಾಲಿನಿಂದ ಒಬ್ಬ ಶುರು ಮಾಡಿದರು. ಮೂಗಿನಿಂದ ರಕ್ತ ಸುರಿಯುತ್ತಿದ್ದ ಸೋಮಯ್ಯನಿಗೆ ರೂಢಿಯೂ ಬೇಕಿರಲಿಲ್ಲ, ಲೆಕ್ಕವೂ ಬೇಕಿರಲಿಲ್ಲ. ಎಡಪಕ್ಕೆಯ ಕೆಳಗೆ ಒಂದೇ ಜಾಗಕ್ಕೆ ಹಿಮ್ಮಡಿಯಿಂದ ಒದ್ದ, ಒದೆಯುತ್ತಲೇ ಹೋದ. ಒದ್ದೆ ಗೋಣಿಯ ಮೇಲೆ ಬೀಳುವ ಏಟಿಗೆ ದೊಡ್ಡ ಸದ್ದಿರುವುದಿಲ್ಲ. ಬಟ್ಟೆ ಒಗೆಯುವಾಗ ಬರುವಂಥದ್ದೇ ಸದ್ದು.

“ಒಪ್ತೀಯೇನ್ಲಾ?”

ತಿಮ್ಮರಾಜು ಮರಳು ಕಚ್ಚಿಕೊಂಡಿದ್ದ. ಒಬ್ಬ ಅವನ ತಲೆಯತ್ತ ಕಾಲೆತ್ತಿದಾಗ ಪ್ರಮೀಳಾ ದಡದಿಂದ, “ಮುಖಕ್ಕೆ ಬ್ಯಾಡ” ಎಂದಳು. ಮತ್ತೆ ಬೆನ್ನಿಗೆ ಹೋದರು. ಅವಳು ನಿಂತು ನೋಡಿದಳು. ಅವಳಿಗೆ ಅಯ್ಯೋ ಅನ್ನಿಸಲಿಲ್ಲ. ಇಷ್ಟು ಏಟು ತಡೆಯುವ ಮೈಯಿಂದ ಬಂದ ಕಿಡ್ನಿ ಎಷ್ಟು ವರ್ಷ ದುಡಿದೀತು ಎಂದು ಲೆಕ್ಕ ಹಾಕುತ್ತಿದ್ದಳು, ಪಾಪಿ.

ಕೊನೆಗೆ ಅವನು, “ಕೊಡ್ತೀನಿ, ಬುಟ್ಬುಡಿ” ಅಂದ.

ಗೋಣಿ ಬಿಚ್ಚಿದರು. ನಿಜವಾಗಿಯೂ ಮೈಮೇಲೆ ಹೊಸದಾಗಿ ಒಂದು ಗೀರೂ ಇರಲಿಲ್ಲ. ಪ್ರಮೀಳಾ ನೀರು ಕುಡಿಸಿ, ಅಂಗಿ ತೊಡಿಸಿ, “ನಿನ್ ಕಾಲಿಗೆ ಬೀಳ್ತೀನಿ ತಿಮ್ಮ, ಮನಸ್ನಾಗೆ ಇಟ್ಕಬ್ಯಾಡ” ಎಂದಳು. ಅವನು ಎದ್ದು ಲಂಟಾನ ಪೊದೆಯ ಹಿಂದಕ್ಕೆ ಉಚ್ಚೆ ಹೊಯ್ಯಲು ಹೋದ. ಬಹಳ ಹೊತ್ತಾದರೂ ಬರಲಿಲ್ಲ. ಅವಳು ಹೋಗಿ ನೋಡಿದರೆ ಮಂಡಿಯೂರಿ ಕೂತಿದ್ದ. ಮುಂದಿನ ಕಲ್ಲಿನ ಮೇಲೆ ಕೆಂಪಗೆ ಹರಿದಿತ್ತು. ಮುಖ ಬಿಳಿಚಿಕೊಂಡಿತ್ತು.

“ಅತ್ಗಮ್ಮ, ಒಳಗೆ ಏನೋ ಕಿತ್ತೋಯ್ತು,” ಅಂದು ಪಕ್ಕಕ್ಕೆ ವಾಲಿದ.

ಅಣ್ಣತಮ್ಮಂದಿರ ಟೆಂಪೋದಲ್ಲೇ ಮೈಸೂರಿಗೆ ಹಾಕಿಕೊಂಡು ಹೋದರು. ಬಾಗಿಲಲ್ಲಿ ಇಳಿಸಿ ಅವರು ಕಂಬಿ ಕಿತ್ತರು. ಒಳಗೆ ಹೊಟ್ಟೆ ತುಂಬ ರಕ್ತ ಸೇರಿತ್ತು. ಕತ್ತಿಗೆ ಹೆದರುವ ತಿಮ್ಮರಾಜುವನ್ನು ಆ ಸಂಜೆಯೇ ಕೊಯ್ದರು.

“ಎಡಗಡೇದು ಎರಡು ಹೋಳಾಗಿತ್ತು, ತೆಗೆದ್ವಿ,” ಅಂದರು ಅನಂತರಾಮು. “ಬಲಗಡೇದು ಜಜ್ಜಿ ಹೋಗಿ ನಿಂತುಬಿಟ್ಟಿದೆ. ಉಚ್ಚೆ ಬರ್ತಿಲ್ಲ. ಅವನನ್ನೂ ಮೆಷೀನಿಗೆ ಹಾಕಬೇಕು. ಹುಡುಗನದು ಎಳೇ ಕಿಡ್ನಿ, ಒಳಪೆಟ್ಟು ತಿಂದರೂ ಎದ್ದೇಳಬಹುದು, ಕಾಯೋಣ. ಪೊಲೀಸರು ಕೇಳಿದ್ದಕ್ಕೆ ಕಬ್ಬಿನ ಲೋಡಿನ ಮೇಲಿಂದ ಬಿದ್ದೆ ಅಂದನಂತೆ. ಲೋಡಿನ ಮೇಲಿಂದ ಬಿದ್ದವನ ಬೆನ್ನಲ್ಲಿ ಒಂದು ತರಚಲೂ ಇಲ್ಲವಲ್ಲಮ್ಮ?” ಪ್ರಮೀಳಾ ನೆಲ ನೋಡಿದಳು.

ಅಣ್ಣಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮಗನ ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಬೆನ್ನು ನೋಡಿದಳು, ಉಗುರಿನ ಸಂದಿಯಲ್ಲಿ ಸಿಕ್ಕಿದ್ದ ಗೋಣಿಯ ನಾರು ಬಿಡಿಸಿ ನೋಡಿದಳು. ಸೊಸೆಯ ತವರಿನ ರೂಢಿ ಅವಳಿಗೆ ತಿಳಿಯದ್ದಲ್ಲ. ಹೊರಗೆ ಬಂದವಳೇ ಪ್ರಮೀಳಾಳ ಜುಟ್ಟು ಹಿಡಿದು ವರಾಂಡದ ಈ ತುದಿಯಿಂದ ಆ ತುದಿಗೆ ಎಳೆದುಕೊಂಡು ಹೋದಳು. ಗೋಡೆಗೆ ತಲೆ ಚಚ್ಚಿದಳು. ಕೆನ್ನೆಗೆ, ಎದೆಗೆ, ಸಿಕ್ಕಲ್ಲಿಗೆ ಹೊಡೆದಳು. ನರ್ಸುಗಳು ಓಡಿ ಬಂದರು. ಪ್ರಮೀಳಾ ಕೈ ಅಡ್ಡ ಹಿಡಿಯಲಿಲ್ಲ. ತುಟಿ ಒಡೆದು ರಕ್ತ ಗದ್ದಕ್ಕಿಳಿದರೂ ಒರೆಸಿಕೊಳ್ಳಲಿಲ್ಲ.

“ಒಡಿ ಅತ್ತೆ. ಸಾಯ್ಸು ಬೇಕಾದ್ರೆ. ಆದ್ರೆ ನಿಂದು ಅವ್ರಿಗೆ ಕೊಡು. ಮೆಷೀನಿಗೆ ಚುಚ್ಚಾ ಅವ್ರ ಕೈ ನರ ಮುಚ್ಚೋಗ್ಬುಟ್ಟದೆ, ಇಲ್ಲೇ ಸೇರುಸ್ಕಂಡು ಕತ್ತಿಗೆ ಪೈಪು ಆಕವ್ರೆ. ಬಾಳ ದಿನ ತಡೆಯಾಕಿಲ್ಲ ಅಂತಾವ್ರೆ.”

“ಆಗ ಮುದ್ಕೀದು ಬ್ಯಾಡ ಅಂದೆ.”

“ಅಂದೆ. ನನ್ ನಾಲ್ಗೆ ಬಿದ್ದೋಗ್ಲಿ.”

ಅಣ್ಣಮ್ಮ ಏದುಸಿರು ಬಿಡುತ್ತ ನೆಲಕ್ಕೆ ಕುಸಿದಳು.

“ನಂತಾವ ಕೊಡಾಕೆ ಇರಾದು ಒಂದೇಯ ಕಣೇ. ಇಬ್ರು ಮಕ್ಳ ನೀನು ಒಂದೇ ಸಾಲ್ನಲ್ಲಿ ಮಲಗುಸ್ಬುಟ್ಟೆ. ತಿಮ್ಮಂದು ಎದ್ರೆ ನಂದು ನಿನ್ ಗಂಡಂಗೆ. ಏಳ್ನಿಲ್ಲ ಅಂದ್ರೆ ಅದು ತಿಮ್ಮಂಗೆ. ತಪ್ಪಿಲ್ದೆ ಏಟು ತಿಂದವ್ನು ಅವ್ನು. ಓಗು, ಅವನ ಮಂಚದ ತಾವ ಕುಂತ್ಕೊ. ಉಚ್ಚೆ ಬರೋಗಂಟ ನಂಗೆ ಮುಖ ತೋರಿಸ್ಬ್ಯಾಡ.”

ಹೀಗೆ ಪ್ರಮೀಳಾ ತಾನೇ ಹೊಡೆಸಿ ಹಾಕಿದವನ ಕಾಲದೆಸೆಯಲ್ಲಿ ಕೂತಳು. ಮಂಚಕ್ಕೆ ಕಟ್ಟಿದ ಖಾಲಿ ಉಚ್ಚೆಚೀಲವೊಂದನ್ನು ನೋಡುವುದೇ ಅವಳ ಕೆಲಸವಾಯಿತು. ಅದಕ್ಕೆ ನೀರು ಇಳಿದರೆ ಗಂಡ ಉಳಿಯುತ್ತಾನೆ; ಇಳಿಯದಿದ್ದರೆ ಹೋಗುತ್ತಾನೆ. ಮೊದಮೊದಲು ಅವಳು ಪ್ರಾರ್ಥಿಸಿದ್ದು ನಿಂಗರಾಜುಗಾಗಿಯೇ. ತಿಮ್ಮರಾಜು ನೋವಿಗೆ ಹಲ್ಲು ಕಚ್ಚಿದಾಗ ಅವನ ಬಾಯಿ ಒರೆಸಿದಳು, ವಾಂತಿ ಬಳಿದಳು. ಅವನು ಅವಳತ್ತ ಮುಖ ತಿರುಗಿಸಲಿಲ್ಲ, ಅವಳ ಕೈಯನ್ನು ತಳ್ಳಲೂ ಇಲ್ಲ. ಒಮ್ಮೆ ಜ್ವರದಲ್ಲಿ, “ನಾನು ಅಣ್ಣನ್ನ ಬ್ಯಾಡ ಅಂದಿರ್ನಿಲ್ಲ” ಎಂದು ಕನವರಿಸಿದ. ಆ ಮಾತು ಕೇಳಿ ಪ್ರಮೀಳಾ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಅದು ಗಂಡನಿಗಾಗಿ ಅತ್ತ ಅಳುವಾಗಿರಲಿಲ್ಲ.

ಇನ್ನೊಂದು ವಾರ್ಡಿನಲ್ಲಿ ನಿಂಗರಾಜು ಕೂತೇ ಉಸಿರಾಡುತ್ತಿದ್ದ. ಮಲಗಿದರೆ ನೀರು ತುಂಬಿದ ಎದೆ ಕಟ್ಟಿಕೊಳ್ಳುತ್ತಿತ್ತು. ಕ್ಷಣಹೊತ್ತು ಅವನನ್ನು ನೋಡಲು ಬಂದವಳ ಒಡೆದ ತುಟಿಯನ್ನು ಅವನು ದಿಟ್ಟಿಸಿದ.

“ತಿಮ್ಮ ಲೋಡಿನ ಮ್ಯಾಲಿಂದ ಬಿದ್ದ ಅಂತಾರೆ. ಅವ್ನು ಯಾವತ್ತೂ ಬಿದ್ದೋನಲ್ಲ. ನಿಮ್ಮಣ್ಣನಾ?”

“ನಾನು,” ಅಂದಳು ಪ್ರಮೀಳಾ. “ನಾನೇ ಕರ್ಸಿದ್ದು.”

ಅವನು ಕೈ ಬೀಸಿ ಅವಳ ಕೆನ್ನೆಗೆ ಹೊಡೆದ. ಏಳು ವರ್ಷದ ಸಂಸಾರದಲ್ಲಿ ಮೊದಲ ಏಟು. ಅದರಲ್ಲಿ ನೊಣ ಓಡಿಸುವಷ್ಟೂ ಬಲವಿರಲಿಲ್ಲ. ಅತ್ತೆಯ ಹೊಡೆತಕ್ಕೆಲ್ಲ ನಿಂತವಳು ಇದಕ್ಕೆ ಮಂಚದ ಕಂಬಿ ಹಿಡಿದು ಕೂತುಬಿಟ್ಟಳು.

“ನಾನ್ ನಿನ್ನ ಕೇಳಿದ್ನಾ ಪ್ರಮೀಳಾ?” ಅಂದ ನಿಂಗರಾಜು. ಆಮೇಲೆ ಗೋಡೆ ಕಡೆ ತಿರುಗಿದ.

ಅದೇ ವಾರ ಮಂಚಯ್ಯ ಕಿತ್ತಳೆಹಣ್ಣು ಹಿಡಿದುಕೊಂಡು ಆಸ್ಪತ್ರೆಯ ಅಂಗಳಕ್ಕೆ ಬಂದ. ಬುದ್ಧಿ ಬಂದಿರಲಿಲ್ಲ. “ಮುದ್ಕಿ ಕಿಡ್ನಿ ಕೊಡಾಕೆ ಆಟ ಆಡ್ತಾವ್ಳಂತೆ? ಯೋಳು, ಅವಳ್ಗೂ ಒಂದ್ಸಲ ಗೋಣಿ ಒದ್ಸಾನ” ಅಂದ. ಪ್ರಮೀಳಾ ಬಗ್ಗಿ ಕಾಲಿನ ಚಪ್ಪಲಿ ಕಿತ್ತಳು. ಮೊದಲ ಏಟು ಬಾಯಿಗೇ ಬಿತ್ತು. ಹಣ್ಣು ಉರುಳಿದವು. ತಲೆ, ಕಿವಿ, ಅಡ್ಡ ಬಂದ ಕೈ, ಎಲ್ಲೆಂದರಲ್ಲಿಗೆ ಬಡಿದಳು. ಮಂಚಯ್ಯ ಗೇಟಿನ ತನಕ ಹಿಂದೆ ಹಿಂದೆ ನಡೆದ. ಅವಳು ಗೇಟಿನ ತನಕ ಹೊಡೆದುಕೊಂಡೇ ಹೋದಳು. ಚಪ್ಪಲಿಯ ಉಂಗುಷ್ಟ ಕಿತ್ತ ಮೇಲೆ ಕೈಯಲ್ಲಿ ಹೊಡೆದಳು. “ನಂಗೆ ತವರು ಸತ್ತೋಯ್ತು, ಓಗು,” ಅಂದು ಬರಿಗಾಲಲ್ಲಿ ವಾಪಸು ಬಂದು ಮತ್ತೆ ಚೀಲದ ಮುಂದೆ ಕೂತಳು.

ದಿನಗಳು ಹೋದವು. ನಿಂಗರಾಜುವಿನ ಕತ್ತಿನ ಪೈಪಿನ ಸುತ್ತ ಕೀವಾಯಿತು, ಜ್ವರ ಏರಿತು. ನಾಗಮಂಗಲದ ಬೀಗರು ಬಂದು ತಿಮ್ಮರಾಜುವನ್ನು ಬಾಗಿಲಲ್ಲೇ ನೋಡಿ ವಾಪಸು ಹೋದರು. ಆಮೇಲೆ ಒಂದು ಬೆಳಿಗ್ಗೆ ತಿಮ್ಮರಾಜುವಿನ ಚೀಲದ ಪೈಪಿನಲ್ಲಿ ಚಹಾದ ಬಣ್ಣದ ಒಂದು ಎಳೆ ಇಳಿಯಿತು. ಇನ್ನೊಂದು ಎಳೆ ಬಂತು. ಮಧ್ಯಾಹ್ನದ ಹೊತ್ತಿಗೆ ಚೀಲದ ತಳ ಮುಚ್ಚಿತು, ಸಂಜೆಗೆ ಅಂಗೈಯಲ್ಲಿ ಹಿಡಿದರೆ ಭಾರ ಅನ್ನಿಸುವಷ್ಟಾಯಿತು. ಅವಳು ಆ ಬೆಚ್ಚಗಿನ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು, “ತಿಮ್ಮ, ಎದ್ದದೆ ಕಣ್ಲಾ. ನಿಂದು ಎದ್ದದೆ” ಎಂದು ಬಿಕ್ಕಿದಳು. ಅವನು ಮೊದಲ ಸಲ ಅವಳನ್ನು ನೋಡಿದ.

“ಅವ್ವಂಗೆ ಯೋಳೋಗು,” ಅಂದ. “ಅಣ್ಣಂಗೆ ತಡ ಆಯ್ತದೆ.”

ಅಣ್ಣಮ್ಮ ಮಾತಿಗೆ ತಪ್ಪಲಿಲ್ಲ. ಜ್ವರ ಒಂದಿಷ್ಟು ಇಳಿಯುತ್ತಲೇ ತಾಯಿಯನ್ನೂ ಮಗನನ್ನೂ ಅಕ್ಕಪಕ್ಕದ ಕೋಣೆಗೆ ಒಯ್ದರು. ಅಣ್ಣಮ್ಮನ ಕಿಡ್ನಿ ನಿಂಗರಾಜುವಿನ ಮೈ ಸೇರಿತು. ರಕ್ತ ಬಿಟ್ಟಾಗ ಚೆನ್ನಾಗಿ ಕೆಂಪಾಯಿತಂತೆ. ಆಮೇಲೆ ಮಂಕಾಯಿತು. ಡಾಕ್ಟರು ಮೊದಲೇ ಹೇಳಿದ್ದ ಹಾಗೆ ಮಲಗಿಕೊಂಡಿತು.

“ಏಳುತ್ತೆ, ಸ್ವಲ್ಪ ದಿನ ಬೇಕು,” ಅಂದರು ಅನಂತರಾಮು. ಆದರೆ ನಿಂಗರಾಜುವಿನ ಬಳಿ ದಿನಗಳು ಉಳಿದಿರಲಿಲ್ಲ. ಒಳಗೇ ಅಡಗಿದ್ದ ಕೀವು ಮತ್ತೆ ಎದ್ದು ಎದೆಗೆ ಹತ್ತಿತು. ಮೂರನೆಯ ದಿನ ಬೆಳಿಗ್ಗೆ ಪ್ರಮೀಳಾ ಅವನ ಪಾದ ಉಜ್ಜುತ್ತಿರುವಾಗಲೇ ಉಸಿರು ನಿಂತಿತು. ಡಾಕ್ಟರು ಎದೆ ಒತ್ತಿದರು. ಪಕ್ಕೆಲುಬು ಲಟಕ್ಕೆಂದಿತು. ಸಾಕು ಅನ್ನುವಷ್ಟು ಹೊತ್ತು ಒತ್ತಿ ಕೈ ತೆಗೆದರು.

“ಕಿಡ್ನಿ ಕೆಟ್ಟದ್ದಲ್ಲಮ್ಮ,” ಅಂದರು ಬೆವರು ಒರೆಸಿಕೊಳ್ಳುತ್ತ. “ಇವರಿಗೆ ತ್ರಾಣ ಇದ್ದಾಗ, ನಾನು ಮೊದಲು ಹೇಳಿದಾಗಲೇ ಹಾಕಿದ್ದರೆ, ಅದು ಏಳೋವರೆಗೆ ಈ ಮೈ ಕಾಯ್ತಿತ್ತು. ನಿಮ್ಮತ್ತೆಗೆ ಈಗಲೇ ಹೇಳಬೇಡಿ. ಹೊಲಿಗೆ ಹಸಿ ಇದೆ, ವಯಸ್ಸಾದ ಜೀವ. ನಾಳೆ ನಾನೇ ಹೇಳ್ತೀನಿ.”

ತಿಮ್ಮರಾಜು ಗೋಡೆ ಹಿಡಿದುಕೊಂಡು ಬಂದು ಅಣ್ಣನ ಪಕ್ಕ ಕೂತ. ಯಾರೂ ಯಾರನ್ನೂ ಬಯ್ಯಲಿಲ್ಲ. ಬಯ್ದಿದ್ದರೆ ಪ್ರಮೀಳಾಗೆ ಎಷ್ಟೋ ವಾಸಿಯಾಗುತ್ತಿತ್ತು. ಮುಖ ತೊಳೆದುಕೊಂಡು ಬಾ, ಅವ್ವ ಕೇಳ್ತಾವ್ಳೆ ಎಂದು ಅವನೇ ಹೇಳಿದ. ಅವಳು ತೊಳೆದುಕೊಂಡಳು, ಕುಂಕುಮವನ್ನು ಮತ್ತೆ ತಿದ್ದಿಕೊಂಡಳು. ಆ ಬೆರಳು ಹೇಗೆ ಹಣೆಗೆ ಹೋಯಿತೋ ದೇವರೇ ಬಲ್ಲ.

ಅಣ್ಣಮ್ಮ ಪಕ್ಕೆಗೆ ಪಟ್ಟಿ ಬಿಗಿಸಿಕೊಂಡು ಅಂಗಾತ ಮಲಗಿದ್ದಳು. ಸೊಸೆಯ ಹೆಜ್ಜೆ ಕೇಳಿ ಕಣ್ಣು ಬಿಟ್ಟಳು.

“ಉಚ್ಚೆ ಬಂತೇನೇ ನನ್ ಕಂದಂಗೆ?”

“ಬಂತು ಅತ್ತೆ.”

“ಎಷ್ಟು?”

“ಚೀಲ ತುಂಬೋಯ್ತು. ಸಿಸ್ಟರು ಇನ್ನೊಂದು ಕಟ್ಟಿದ್ರು.”

ಅಣ್ಣಮ್ಮನ ಒಣಗಿದ ತುಟಿ ಅಗಲವಾಯಿತು. ಕಿಟಕಿಯ ಬಿಸಿಲಿನಲ್ಲಿ ಅವಳ ಮುಖಕ್ಕೆ ಒಂದು ಹೆಮ್ಮೆ ಬಂತು, ಹೊಸ ಬಾಣಂತಿಗೆ ಬರುವಂಥದ್ದು.

“ಮುದ್ಕೀದು ಅಂದ್ಯಲ್ಲೇ,” ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಕೈ ಚಾಚಿ ಸೊಸೆಯ ತಲೆ ನೇವರಿಸಿದಳು. “ಬುಡು, ಆಗೋಯ್ತು. ಅವನ ತಾವ ಓಗು. ಇಷ್ಟ್ ದಿನ ಗುಟುಕು ಗುಟುಕು ಅಳೆದು ಕುಡ್ದು ಬಾಯಿ ಒಣಗುಸ್ಕಂಡು ಬಿದ್ದಿದ್ದ. ಉಚ್ಚೆ ಬಂದ್ಮೇಲೆ ಎಷ್ಟ್ ಬೇಕಾದ್ರೂ ನೀರು ಕುಡೀಬೌದು ಅಂತ ಡಾಕ್ಟ್ರು ಯೋಳಿದ್ರು. ಒಂದ್ ಲೋಟ ನೀರು ಕೊಡೋಗು.”

“ಕೊಡ್ತೀನಿ ಅತ್ತೆ,” ಅಂದಳು ಪ್ರಮೀಳಾ.

ಅತ್ತೆ ನೋಡುತ್ತಿದ್ದಳು. ಹಾಗಾಗಿ ಅವಳು ಮೇಜಿನ ಮೇಲಿದ್ದ ಲೋಟಕ್ಕೆ ಹೂಜಿಯಿಂದ ನೀರು ಬಗ್ಗಿಸಿದಳು. ಚೆಲ್ಲದ ಹಾಗೆ ಎರಡು ಕೈಯಲ್ಲೂ ಹಿಡಿದುಕೊಂಡು ಗಂಡನನ್ನು ಮಲಗಿಸಿದ್ದ ಕೋಣೆಯ ಕಡೆ ನಡೆದಳು.